ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಟ್ಟು ಕೆಲಸಕ್ಕೆ ಸೇರಬೇಡಿ

ಡಿಗ್ರಿ ಮುಗಿಸಿ ಮೈಸೂರು, ಬೆಂಗಳೂರಿನ ಕಡೆ ಕೆಲಸ ಹುಡುಕುತ್ತಿರುವ ಕೊಡಗಿನ ಮಕ್ಕಳು, ಅವರ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಓದಿ. ‘ಟ್ರೈನಿಂಗ್ ಜೊತೆಗೆ ಗ್ಯಾರಂಟಿ ಕೆಲಸ’ ಎನ್ನುವವರು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಎಂದರೆ ಕೊಡಬೇಡಿ. ಫೀಸು ಕಂತಿನಲ್ಲಿ ಕಟ್ಟಿ ಎಂದು ಪ್ಯಾನ್ ಕಾರ್ಡ್, ಓಟಿಪಿ ಕೇಳಿದರೆ ಎದ್ದು ಬನ್ನಿ. ನನ್ನ ತಮ್ಮನಿಗೆ ಆಗಿದ್ದು ಇನ್ನೊಬ್ಬರ ಮನೆಯಲ್ಲಿ ಆಗಬಾರದು.

ನಮ್ಮದು ಸುಂಟಿಕೊಪ್ಪದ ಹತ್ತಿರ, ಸಣ್ಣ ಕಾಫಿ ತೋಟ. ತಮ್ಮ ಬಿ.ಕಾಂ ಮುಗಿಸಿದ. ಇಲ್ಲಿ ಓದಿಗೇನೂ ಕೊರತೆಯಿಲ್ಲ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಎಲ್ಲ ಕಡೆ ಕಾಲೇಜುಗಳಿವೆ. 2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯವೂ ಶುರುವಾಯಿತು. ಕೆಲಸ ಬೇಕೆಂದರೆ ಮಾತ್ರ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಬೇಕು, ಇಲ್ಲಾ ರೆಸಾರ್ಟು, ಹೋಂಸ್ಟೇ. ಉಳಿದವರೆಲ್ಲ ಕುಶಾಲನಗರ ದಾಟಿ ಹೋಗಲೇಬೇಕು.

ಹಾಗೆ ಹೋದವರಲ್ಲಿ ಎಷ್ಟೋ ಮಂದಿ ಹೊರದೇಶದ ಕಂಪನಿಗಳ ಲೆಕ್ಕಪತ್ರ, ಆಸ್ಪತ್ರೆ ಬಿಲ್ಲು, ಇನ್ಶೂರೆನ್ಸ್ ಕ್ಲೇಮು ನೋಡುವ ಕೆಲಸದಲ್ಲಿ ಚೆನ್ನಾಗಿಯೇ ಇದ್ದಾರೆ. ನಮ್ಮ ದೇಶದ ಐಟಿ, ಬಿಪಿಓ ಕಂಪನಿಗಳಲ್ಲಿ 50 ಲಕ್ಷಕ್ಕೂ ಜಾಸ್ತಿ ಜನ ದುಡಿಯುತ್ತಿದ್ದಾರೆ. ಇಂಥ ಕೆಲಸ ನಿಜವಾಗಿ ಇದೆ. ಪಕ್ಕದ ಮನೆಯ ಹುಡುಗಿಗೆ ಸಿಕ್ಕಿದೆ. ಅದಕ್ಕೇ ಸುಳ್ಳು ಹೇಳುವವರ ಮಾತನ್ನೂ ಮನೆಯವರು ನಂಬುತ್ತಾರೆ.

ತಮ್ಮನನ್ನು ಸೇರಿಸಿಕೊಂಡದ್ದು ಮೈಸೂರಿನ ಒಂದು ಸಂಸ್ಥೆ. ಅಮೆರಿಕದ ಇನ್ಶೂರೆನ್ಸ್ ಕಂಪನಿಗಳಿಗೆ ಫೋನ್ ಮಾಡಿ ಆಸ್ಪತ್ರೆಯ ಬಾಕಿ ಹಣ ವಿಚಾರಿಸುವ ಕೆಲಸ, ತಿಂಗಳಿಗೆ 22,000 ರೂಪಾಯಿ ಸಂಬಳ ಎಂದರು. ಅದಕ್ಕೆ ಮೊದಲು ಟ್ರೈನಿಂಗ್, ಫೀಸು 60,000. ‘ಅಷ್ಟು ಒಟ್ಟಿಗೆ ಕೊಡಬೇಡಿ ಸಾರ್, ತಿಂಗಳ ಕಂತು ಕಟ್ಟಿ, ಯುವನಿಧಿ 3,000 ಬರುತ್ತಲ್ವಾ’ ಎಂದು ಅಪ್ಪನಿಗೆ ಹೇಳಿದರು. ಯುವನಿಧಿ ಇರುವುದು ಕೆಲಸ ಸಿಗದ ಪದವೀಧರರಿಗೆ. ಕೆಲಸ ಗ್ಯಾರಂಟಿ ಎನ್ನುವವರ ಬಾಯಲ್ಲೇ ಈ ಮಾತು ಬಂದಿತ್ತು. ಅಪ್ಪನ ಮೊಬೈಲಿಗೆ ಬಂದ ಓಟಿಪಿಯನ್ನು ಅವರೇ ನೋಡಿ ಹಾಕಿಕೊಂಡರು. ಎಸ್‌ಎಸ್‌ಎಲ್‌ಸಿಯಿಂದ ಡಿಗ್ರಿವರೆಗಿನ ಮಾರ್ಕ್ಸ್ ಕಾರ್ಡುಗಳನ್ನು ‘ವೆರಿಫಿಕೇಷನ್‌ಗೆ’ ಎಂದು ಇಟ್ಟುಕೊಂಡರು. ರಸೀದಿ ಕೊಡಲಿಲ್ಲ. ನಡುವೆ ಬಿಟ್ಟರೆ ಒಂದೂವರೆ ಲಕ್ಷ ಕಟ್ಟಬೇಕು ಎಂದು ಬಾಂಡ್ ಪೇಪರಿಗೆ ಸಹಿ ಹಾಕಿಸಿಕೊಂಡರು.

ಬೇಸಿಗೆಯಲ್ಲಿ ಕೆಲಸ ಶುರುವಾಯಿತು. ಬೆಳಿಗ್ಗೆ 9.30ಕ್ಕೆ ಲಾಗಿನ್. ನಮ್ಮ 9.30 ಅಂದರೆ ಆ ದಿನಗಳಲ್ಲಿ ನ್ಯೂಯಾರ್ಕಿನಲ್ಲಿ ನಡುರಾತ್ರಿ. ಆ ಹೊತ್ತಿನಲ್ಲಿ ಅಲ್ಲಿನ ಯಾವ ಆಫೀಸಿನ ಬಾಗಿಲು ತೆಗೆದಿರುತ್ತದೆ? ಅಮೆರಿಕಕ್ಕೆ ಫೋನ್ ಮಾಡುವ ನಿಜವಾದ ಕೆಲಸ ನಮ್ಮಲ್ಲಿ ಸಂಜೆ ಶುರುವಾಗುತ್ತದೆ, ರಾತ್ರಿಯೆಲ್ಲ ನಡೆಯುತ್ತದೆ. ‘ಅಕ್ಕಾ, ಇಲ್ಲಿ ಲೋನ್ ಬೇಕಾ ಅಂತ ಕನ್ನಡದಲ್ಲೇ ಫೋನ್ ಮಾಡಿಸ್ತಿದ್ದಾರೆ’ ಎಂದು ತಮ್ಮ ಹೇಳಿದ. ಕೈಗೆ ಬಂದದ್ದು 9,000. ಸ್ಯಾಲರಿ ಸ್ಲಿಪ್ ಇಲ್ಲ, ಪಿಎಫ್ ಇಲ್ಲ. ಕೇಳಿದರೆ ಇನ್ನೂ ಟ್ರೈನಿಂಗ್ ಅಂದರು.

ಇಷ್ಟೇ ಆಗಿದ್ದರೆ ಬಿಟ್ಟು ಬರುತ್ತಿದ್ದ. ಆಗಲೇ ಅವನಿಗೆ ಇನ್ನೊಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿತು. ಇಂಟರ್‌ವ್ಯೂ ಪಾಸಾಗಿ ಆಫರ್ ಲೆಟರ್ ಬಂತು. ಅವರು ಒಂದು ಪೈಸೆ ಕೇಳಲಿಲ್ಲ. ಒರಿಜಿನಲ್ ತಂದು ತೋರಿಸಿ, ನೋಡಿ ವಾಪಸ್ ಕೊಡುತ್ತೇವೆ ಎಂದರು. ತೋರಿಸಲು ಕಾರ್ಡು ಅವನ ಹತ್ತಿರ ಎಲ್ಲಿತ್ತು? ಸಂಸ್ಥೆಯವರು ಒಂದೂವರೆ ಲಕ್ಷ ಇಟ್ಟು ತೆಗೆದುಕೊಂಡು ಹೋಗು ಎಂದರು. ಸೇರುವ ದಿನ ಕಳೆಯಿತು. ಒಳ್ಳೆಯ ಕೆಲಸ ಕೈತಪ್ಪಿತು. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೆ. ದುಡ್ಡು ಹೋದರೆ ಇನ್ನೊಂದು ಬೆಳೆ ಬರುತ್ತದೆ. ಓದಿದ ಹುಡುಗನ ಓದನ್ನೇ ಬೀರುವಿನಲ್ಲಿಟ್ಟು ಬೀಗ ಹಾಕುವುದು ಎಂಥ ಅನ್ಯಾಯ!

ಅಷ್ಟರಲ್ಲಿ ಅಪ್ಪ ಬೆಳೆ ಸಾಲಕ್ಕೆ ಬ್ಯಾಂಕಿಗೆ ಹೋದರು. ನಿಮ್ಮ ಹೆಸರಲ್ಲಿ ಸಾಲ ಬಾಕಿ ಇದೆ ಎಂದರು ಅಲ್ಲಿ. ಕಂತು ಅಂದಿದ್ದೆಲ್ಲ ಒಂದು ಫೈನಾನ್ಸ್ ಕಂಪನಿಯಿಂದ ಅಪ್ಪನ ಹೆಸರಲ್ಲಿ ತೆಗೆದ ಸಾಲ. ಹಣ ನೇರ ಆ ಸಂಸ್ಥೆಗೆ ಹೋಗಿತ್ತು.

ಮಡಿಕೇರಿಯ ವಕೀಲರೊಬ್ಬರನ್ನು ಕಂಡೆವು. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ತೋರಿಸಿದರು. ಬಾಂಡಿನಲ್ಲಿ ಎಷ್ಟೇ ಮೊತ್ತ ಬರೆದಿರಲಿ, ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರವನ್ನು ಮಾತ್ರ. ಸಹಿ ಹಾಕಿದ್ದೀಯ ಅಂದ ಮಾತ್ರಕ್ಕೆ ಪೂರ್ತಿ ಕಟ್ಟಬೇಕೆಂದಿಲ್ಲ. ನೋಟಿಸ್ ಕಳಿಸಿದೆವು, ಪೊಲೀಸರಿಗೂ ದೂರು ಕೊಟ್ಟೆವು. ಮಾರ್ಕ್ಸ್ ಕಾರ್ಡ್ ವಾಪಸ್ ಬಂತು. ಹಣ ಬರಲಿಲ್ಲ.

ನೀವು ಸೇರುವ ಮೊದಲು ಇಷ್ಟು ನೋಡಿ. ಇನ್ಫೋಸಿಸ್, ಟಿಸಿಎಸ್‌ನಂಥ ಕಂಪನಿಗಳು ಕೆಲಸಕ್ಕೆ ಹಣ ಕೇಳುವುದಿಲ್ಲ ಎಂದು ತಾವೇ ಹೇಳಿಕೊಂಡಿವೆ. ಕಂಪನಿಯ ಹೆಸರನ್ನು ಇಪಿಎಫ್‌ಓ ವೆಬ್‌ಸೈಟಿನಲ್ಲಿ ಹುಡುಕಿ, ಪಿಎಫ್ ಕಟ್ಟುವ ಸಂಸ್ಥೆಯೋ ಅಲ್ಲವೋ ಗೊತ್ತಾಗುತ್ತದೆ. ಮಾರ್ಕ್ಸ್ ಕಾರ್ಡ್ ಬೇಕೆಂದರೆ ಜೆರಾಕ್ಸ್ ಕೊಡಿ, ಒರಿಜಿನಲ್ ಕಣ್ಣೆದುರೇ ತೋರಿಸಿ ಕೈಗೆ ತೆಗೆದುಕೊಳ್ಳಿ. ಮೊಬೈಲಿನಲ್ಲಿ ಸಾಲ ಆಗಿಹೋಗಿದ್ದರೆ ತಡಮಾಡಬೇಡಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಇಂಥ ಡಿಜಿಟಲ್ ಸಾಲವನ್ನು ಶುರುವಿನ ನಿಗದಿತ ಅವಧಿಯೊಳಗೆ ದಂಡವಿಲ್ಲದೆ ಹಿಂತಿರುಗಿಸಲು ಅವಕಾಶ ಇರಬೇಕು, ಆ ಅವಧಿ ಒಂದೇ ದಿನವೂ ಇರಬಹುದು. ಮೋಸದಿಂದ ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಫೈನಾನ್ಸ್ ಕಂಪನಿಗೆ ಬರೆದು ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಇಂಥ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಅವರ ಸಹಾಯವಾಣಿ 14448.

ನಾವು ಈಗ ಆ ದಾರಿಯಲ್ಲೇ ಇದ್ದೇವೆ. ಇದೇ ರೀತಿ ಕಾರ್ಡು ಕೊಟ್ಟು ಸಿಕ್ಕಿಕೊಂಡಿರುವ ಸೋಮವಾರಪೇಟೆ, ಕುಶಾಲನಗರ ಕಡೆಯ ಮಕ್ಕಳು ಇದ್ದರೆ ನನಗೆ ತಿಳಿಸಿ. ನಮ್ಮ ನೋಟಿಸ್, ದೂರಿನ ಪ್ರತಿ ಕೊಡುತ್ತೇನೆ, ನಿಮ್ಮ ಹೆಸರು ಹಾಕಿ ಬರೆದುಕೊಳ್ಳಿ.