ರೊಟ್ಟಿ ಮಷೀನಿಗೆ ಸಾಲ: ಬ್ಯಾಂಕೋ, ಸಬ್ಸಿಡಿಯೋ, ಸೊಸೈಟಿಯೋ

ಮೊದಲೇ ಹೇಳಿಬಿಡುತ್ತೇನೆ, ನಾನು ಸೊಸೈಟಿ ಪಾರ್ಟಿ. ಬಡ್ಡಿ ಜಾಸ್ತಿ ಅಂತ ಗೊತ್ತಿದ್ದೂ ಕೊನೆಗೆ ಅಲ್ಲೇ ಸಾಲ ತೆಗೆದುಕೊಂಡೆ. ಉಳಿದ ಎರಡು ಕಡೆ ಚಪ್ಪಲಿ ಸವೆಸಿದ ಮೇಲೆ ಬರೆಯುತ್ತಿದ್ದೇನೆ, ಸುಮ್ನೆ ಅಲ್ಲ.

ಗದಗಿನಲ್ಲಿ ನಮ್ಮದು ಕಡಕ್ ರೊಟ್ಟಿ ವ್ಯಾಪಾರ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ನಾಲ್ಕು ಜನ ಹೆಣ್ಣುಮಕ್ಕಳು ಕೈಯಲ್ಲೇ ಬಡಿಯುತ್ತಿದ್ದೆವು. ಖಾನಾವಳಿಗಳ ಆರ್ಡರ್ ಏರಿದ ಹಾಗೆ ಮಧ್ಯಾಹ್ನಕ್ಕೇ ಎಲ್ಲರ ರಟ್ಟೆ ಬಿದ್ದುಹೋಗುತ್ತಿತ್ತು. 2023ರ ದೀಪಾವಳಿ ಮುಗಿದ ಮೇಲೆ ಮಷೀನ್ ತರೋಣ ಅಂದುಕೊಂಡೆವು. ಹೊಸದಕ್ಕೆ ಜಿಎಸ್‌ಟಿ ಸೇರಿ 2,10,000. ಕೈಯಲ್ಲಿದ್ದದ್ದು 40,000.

ಮೊದಲು ಹೋಗಿದ್ದು ಬ್ಯಾಂಕಿಗೆ, ಮುದ್ರಾ ಸಾಲ ಕೇಳಲು. ಸಣ್ಣ ವ್ಯಾಪಾರದವರಿಗೆ ಅಂತ ಕೇಂದ್ರ ಸರ್ಕಾರ ತಂದ ಸಾಲ ಯೋಜನೆ ಅದು. ಮುದ್ರಾದಲ್ಲಿ 50,000ದವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ. ಅಡಮಾನ ಬೇಕಿಲ್ಲ. ಬಡ್ಡಿ ಹತ್ತೂವರೆ ಅಂದರು. ಖುಷಿಯಾಯಿತು. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ತನ್ನಿ ಅಂದರು, ಮಾಡಿಸಿ ತಂದೆ. (ಅದು ಆನ್‌ಲೈನಿನಲ್ಲಿ ಪೂರ್ತಿ ಉಚಿತ. ಅದಕ್ಕೂ ಅಂಗಡಿಯವನಿಗೆ 800 ರೂಪಾಯಿ ಕೊಟ್ಟು ಬಂದ ಜಾಣೆ ನಾನು.) ಆಮೇಲೆ ಶುರುವಾಯಿತು ಕೊಟೇಶನ್ ಕಥೆ.

ಬ್ಯಾಂಕಿನವರು ನಮ್ಮ ಕೈಗೆ ದುಡ್ಡು ಕೊಡುವುದಿಲ್ಲ. ಮಷೀನ್ ಮಾರುವ ಡೀಲರಿಂದ ಜಿಎಸ್‌ಟಿ ನಂಬರ್ ಇರುವ ಕೊಟೇಶನ್, ಅಂದರೆ ದರ ಬರೆದ ಚೀಟಿ ತರಬೇಕು, ಹಣ ನೇರವಾಗಿ ಅವರ ಖಾತೆಗೆ ಹೋಗುತ್ತದೆ. ಇದರಲ್ಲಿ ತಪ್ಪೇನಿಲ್ಲ. ಮಷೀನ್ ಹೆಸರಲ್ಲಿ ಸಾಲ ತೆಗೆದು ಮದುವೆ ಮಾಡಿದವರನ್ನು ನಾನೂ ನೋಡಿದ್ದೇನೆ. ಆದರೆ ಆ ಕೊಟೇಶನ್ನಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಈ ದರ 30 ದಿನಕ್ಕೆ ಮಾತ್ರ.

ನನ್ನ ಫೈಲು ಮೇಜಿನ ಮೇಲೆ 40 ದಿನ ಮಲಗಿತ್ತು. ಹೋದಾಗೆಲ್ಲ ಒಂದೇ ಮಾತು, "ಸಾಹೇಬ್ರು ರಜಾ ಮ್ಯಾಲೆ ಅದಾರ್ರಿ ಅಕ್ಕಾರ, ಸೋಮವಾರ ಬರ್ರಿ." ಸಾಹೇಬರು ಬಂದರು. ಅವರಿಗೆ ಕನ್ನಡ ಬರುವುದಿಲ್ಲ, ನನಗೆ ಹಿಂದಿ ಬರುವುದಿಲ್ಲ. ಕೊಟೇಶನ್ ಮೇಲಿನ ತಾರೀಖಿನ ಮೇಲೆ ಬೆರಳಿಟ್ಟು ತೋರಿಸಿದರು, ಅಷ್ಟು ಅರ್ಥವಾಯಿತು. ಹೊಸದು ತರಬೇಕು.

ಹುಬ್ಬಳ್ಳಿಗೆ ಹೋಗಿ ಹೊಸ ಕೊಟೇಶನ್ ತಂದೆ. ದರ 14,000 ಏರಿತ್ತು. ಈಗ ಅರ್ಜಿಯಲ್ಲಿ ಬರೆದ ಮೊತ್ತಕ್ಕೂ ಕೊಟೇಶನ್ನಿಗೂ ತಾಳೆಯಾಗಲಿಲ್ಲ. ಪ್ರಾಜೆಕ್ಟ್ ರಿಪೋರ್ಟ್ ಮತ್ತೆ ಮಾಡಿಸಿ ಅಂದರು. ಆಡಿಟರಿಗೆ ಮತ್ತೆ 2,500. ರಿಪೋರ್ಟ್ ಕೊಟ್ಟು ಎರಡು ವಾರಕ್ಕೆ ಇನ್ನೇನೋ ಸಹಿ ಬಿಟ್ಟುಹೋಗಿದೆ ಅಂತ ಫೋನ್ ಬಂತು. ಆ ಹೊತ್ತಿಗೆ ಎರಡನೇ ಕೊಟೇಶನ್ನೂ ಹಳಸುವ ಹಂತಕ್ಕೆ ಬಂದಿತ್ತು. ನಮ್ಮ ರೊಟ್ಟಿಯೇ ವಾಸಿ, ಎರಡು ತಿಂಗಳಾದರೂ ಏನೂ ಆಗುವುದಿಲ್ಲ.

ಇದೇ ಸಮಯದಲ್ಲಿ ಹಳೇ ಮಷೀನ್ ಒಂದು ಮಾರಾಟಕ್ಕಿದೆ ಅಂತ ಗೊತ್ತಾಯಿತು. 1,35,000. ಹೋಗಿ ಹಿಟ್ಟು ಹಾಕಿ ನೋಡಿದೆ. ಅಂಚು ಸೀಳದೆ, ಎಳ್ಳು ಉದುರದೆ ರೊಟ್ಟಿ ಬಂತು. ನನಗೆ ಅದೇ ಸಾಕಾಗಿತ್ತು. ಆದರೆ ಹಳೇ ಮಷೀನಿಗೆ ಕೊಟೇಶನ್ ಕೊಡುವವರು ಯಾರು? ನಾನು ಹೋದ ಬ್ಯಾಂಕು ಸೆಕೆಂಡ್ ಹ್ಯಾಂಡ್ ಅನ್ನುತ್ತಲೇ ತಲೆ ಅಲ್ಲಾಡಿಸಿತು.

ಸಬ್ಸಿಡಿ ದಾರಿಯನ್ನೂ ವಿಚಾರಿಸಿದೆ. ನಮ್ಮಂಥ ಸಣ್ಣ ತಿಂಡಿ ಘಟಕಗಳಿಗೆ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆ ಇದೆ. ಕೇಂದ್ರದ್ದು ಶೇ. 35, ಮೇಲೆ ನಮ್ಮ ರಾಜ್ಯದ್ದು ಶೇ. 15. ಅರ್ಧಕ್ಕರ್ಧ ಸಬ್ಸಿಡಿ ಅಂದರೆ ಯಾರಿಗೆ ಆಸೆಯಾಗಲ್ಲ? ಅರ್ಜಿ ತುಂಬಲು ಜಿಲ್ಲೆಗೆ ಸಂಪನ್ಮೂಲ ವ್ಯಕ್ತಿಗಳೂ ಇದ್ದಾರೆ. ನನಗೆ ಸಿಕ್ಕವರು ತಾಳ್ಮೆಯಿಂದ ಎಲ್ಲ ಹೇಳಿದರು. ಒಂದು ಮಾತು ನೆನಪಿಡಿ: ಸಬ್ಸಿಡಿ ಕೈಗೆ ಬರುವುದಿಲ್ಲ. ಮೊದಲು ಬ್ಯಾಂಕು ಸಾಲ ಕೊಡಬೇಕು, ಸಬ್ಸಿಡಿ ಬ್ಯಾಂಕಿನಲ್ಲೇ ಮೂರು ವರ್ಷ ಕೂತಿರುತ್ತದೆ, ನೀವು ಕಂತು ತಪ್ಪಿಸದೆ ಘಟಕ ನಡೆಸಿದ್ದರೆ ಸಾಲಕ್ಕೆ ಜಮೆಯಾಗುತ್ತದೆ. ಅಂದರೆ ತಿರುಗಿ ಅದೇ ಬ್ಯಾಂಕು, ಅದೇ ಕೊಟೇಶನ್. ಹತ್ತಿಪ್ಪತ್ತು ಲಕ್ಷದ ಘಟಕ ಹಾಕುವವರಿಗೆ ಇದನ್ನು ಬಿಟ್ಟರೆ ಬೇರೆ ಯೋಚನೆ ಮಾಡಲೇಬೇಡಿ ಅನ್ನುತ್ತೇನೆ. ನನ್ನ ಒಂದು ಹಳೇ ಮಷೀನಿಗೆ ಅದು ಒಗ್ಗಲಿಲ್ಲ.

ಇಲ್ಲೊಂದು ಮಾತು. ಉಪ್ಪಿನಕಾಯಿ, ಚಟ್ನಿ, ಬ್ರೆಡ್ಡು, ಶೇಂಗಾ ಎಣ್ಣೆ, ಊದಿನಕಡ್ಡಿ ಇವೆಲ್ಲ ಒಂದು ಕಾಲಕ್ಕೆ ಸಣ್ಣ ಉದ್ಯಮಕ್ಕೇ ಮೀಸಲಾಗಿದ್ದವು. 1991ರ ನಂತರ ಆ ಪಟ್ಟಿ ಕರಗುತ್ತಾ ಬಂತು. ಕೊನೆಗೆ ಉಳಿದಿದ್ದ 20 ವಸ್ತುಗಳನ್ನೂ 2015ರ ಏಪ್ರಿಲಿನಲ್ಲಿ ತೆಗೆದರು. ಮುದ್ರಾ ಶುರುವಾಗಿದ್ದೂ ಅದೇ ತಿಂಗಳು, 8ನೇ ತಾರೀಖು. ಬೇಲಿ ಕಿತ್ತು ಕೈಗೆ ಸಾಲದ ಅರ್ಜಿ ಕೊಟ್ಟರು ಅನ್ನಿ. ಈಗ ನಮ್ಮ ಚಟ್ನಿ ಪುಡಿ ಪಕ್ಕದಲ್ಲೇ ದೊಡ್ಡ ಕಂಪನಿಯ ಪ್ಯಾಕೆಟ್ ನೇತಾಡುತ್ತದೆ. ಹಾಗಿರುವಾಗ ನಮಗೆ ಅಗ್ಗದ ಸಾಲಕ್ಕಿಂತ ಹೊತ್ತಿಗೆ ಸಿಗುವ ಸಾಲ ಮುಖ್ಯ.

ವಾರದ ಕಂತಿನ ಫೈನಾನ್ಸ್? ಫ್ಲಾಟ್ ಬಡ್ಡಿ 14 ಅಂದರೆ 14 ಅಲ್ಲ. ಅಸಲು ತೀರುತ್ತಾ ಬಂದರೂ ಕೊನೆತನಕ ಪೂರ್ತಿ ಸಾಲದ ಮೇಲೇ ಬಡ್ಡಿ, ಲೆಕ್ಕ ಹಾಕಿದರೆ ಹೆಚ್ಚುಕಡಿಮೆ 25. ಬೇಡ. ಚೀಟಿಯ ಸುದ್ದಿ ಎತ್ತುವುದಿಲ್ಲ, ಒಂದ್ಸಲ ಕೈ ಸುಟ್ಟಿದೆ.

ಇನ್ನು ಸೊಸೈಟಿ. ನಮ್ಮೂರಿನ ಪಕ್ಕದ ಕಣಗಿನಹಾಳದಲ್ಲೇ 1905ರಲ್ಲಿ ದೇಶದ ಮೊದಮೊದಲ ಸಹಕಾರ ಸಂಘಗಳಲ್ಲೊಂದು ಹುಟ್ಟಿದ್ದು, ಸಿದ್ದನಗೌಡ ಪಾಟೀಲರು ಕಟ್ಟಿದ್ದು. ಸೊಸೈಟಿ ಅಂದರೆ ನಮಗೆ ಹೊಸದಲ್ಲ. ನಮ್ಮ ಓಣಿಯ ಸೌಹಾರ್ದ ಸೊಸೈಟಿಯಲ್ಲಿ ಆರು ವರ್ಷದಿಂದ ಪಿಗ್ಮಿ, ಅಂದರೆ ದಿನದಿನದ ಉಳಿತಾಯ, ಕಟ್ಟುತ್ತಿದ್ದೇನೆ. ಶೇರು ಮೊದಲೇ ಇತ್ತು. ಇಬ್ಬರ ಜಾಮೀನು ಕೇಳಿದರು. ಒಬ್ಬರು ನಮ್ಮ ಭಾವ, ಇನ್ನೊಬ್ಬರು ಖಾನಾವಳಿಯ ಅಣ್ಣಾರು. ಮಷೀನ್ ನೋಡಲು ಒಬ್ಬರು ಬಂದರು, ಒಂದು ರೊಟ್ಟಿ ಮುರಿದು ತಿಂದರು, ಹೋದರು. ಒಂಬತ್ತನೇ ದಿನ 1,20,000 ಸಿಕ್ಕಿತು.

ಬಡ್ಡಿ 14, ಫ್ಲಾಟ್ ಅಲ್ಲ, ಉಳಿದ ಅಸಲಿನ ಮೇಲೆ ಮಾತ್ರ. ಮೂರು ವರ್ಷದ ಅವಧಿಗೆ ಕಂತು ತಿಂಗಳಿಗೆ ಸುಮಾರು 4,100. ಇಷ್ಟೇ ಸಾಲ ಬ್ಯಾಂಕಿನ ಹತ್ತೂವರೆಯಲ್ಲಾದರೆ 3,900. ತಿಂಗಳಿಗೆ 200 ಜಾಸ್ತಿ. ಎಂಟು ರೂಪಾಯಿಯ ರೊಟ್ಟಿ ಲೆಕ್ಕದಲ್ಲಿ 25 ರೊಟ್ಟಿ. ಹುಬ್ಬಳ್ಳಿಗೆ ಓಡಾಡಿದ ಬಸ್ ಚಾರ್ಜು, ಆಡಿಟರ್ ಫೀಸು, ಬ್ಯಾಂಕಿನ ಬೆಂಚಿನ ಮೇಲೆ ಕಳೆದ ಮುಂಜಾನೆಗಳು ಇವನ್ನೆಲ್ಲ ಸೇರಿಸಿದರೆ ಯಾವುದು ಅಗ್ಗ ಅಂತ ನೀವೇ ಹೇಳಿ.

ನನಗೆ ಒಗ್ಗುವುದಕ್ಕೆ ಇನ್ನೊಂದು ಕಾರಣ ಪಿಗ್ಮಿ. ತಿಂಗಳ ಐದನೇ ತಾರೀಖಿಗೆ 4,100 ಒಟ್ಟಿಗೆ ಇಡುವ ಅಭ್ಯಾಸ ನನ್ನ ಗಲ್ಲಾಪೆಟ್ಟಿಗೆಗಿಲ್ಲ. ಸಂಜೆ ಏಳಕ್ಕೆ ಪಿಗ್ಮಿ ತಮ್ಮ ಬರುತ್ತಾನೆ, 150 ಕೊಡುತ್ತೇನೆ, ಕಂತು ಅದರಿಂದಲೇ ಹೋಗುತ್ತದೆ. ಸಂಬಳದ ಮನೆಯವರಿಗೆ ಇದರ ಬೆಲೆ ತಿಳಿಯಲಿಕ್ಕಿಲ್ಲ.

ಕುಂದು ಇಲ್ಲವೆಂದಲ್ಲ. ಬ್ಯಾಂಕಿನ ಠೇವಣಿಗೆ ಇರುವ 5 ಲಕ್ಷದ ವಿಮೆ ಸೊಸೈಟಿಗೆ ಇಲ್ಲ. ಹಾಗಾಗಿ ಸಾಲ ಸೊಸೈಟಿಯಲ್ಲಿ, ಮಗಳ ಮದುವೆಯ ದುಡ್ಡು ಬ್ಯಾಂಕಿನಲ್ಲಿ.

ಮಷೀನ್ ಬಂದು ಒಂದು ತಿಂಗಳಾಗಿತ್ತು. ಮಾರ್ಚ್ 20ರ ಹೊತ್ತಿಗೆ, ಅಂದರೆ ಬ್ಯಾಂಕುಗಳ ಟಾರ್ಗೆಟ್ ಹೊತ್ತಿನಲ್ಲಿ, ಫೋನ್ ಬಂತು. "ಅಕ್ಕಾರ, ನಿಮ್ಮ ಲೋನ್ ಸ್ಯಾಂಕ್ಷನ್ ಆಗೇತ್ರಿ. ನಾಳೆ ಒಂದ್ ಹೊಸಾ ಕೊಟೇಶನ್ ತಗೊಂಡ್ ಬರ್ರಿ."