ಹಳೆಯ ಜೆನ್‌ಗೆ ಹೊಸ ಸೆಟ್ಟೋ, ಹಳೆಯ ಡೆಕ್ಕೋ? ಎಲ್ಲವನ್ನೂ ಹಾಕಿ ನೋಡಿದ ಮೇಲೆ

ನಮ್ಮ 2002ರ ಮಾರುತಿ ಜೆನ್‌ನಲ್ಲಿ ಈಗ ಇರುವುದು, ಕಾರು ತೆಗೆದುಕೊಂಡ ವರ್ಷವೇ ಅಪ್ಪ ಹಾಕಿಸಿದ್ದ ಕ್ಯಾಸೆಟ್ ಡೆಕ್. ಬೆಲ್ಟ್ ಹೊಸದು, ಟೇಪ್ ಓದುವ ಹೆಡ್ ಸ್ವಚ್ಛ, ಫೋನಿನಲ್ಲಿರುವುದನ್ನು ಕೇಳಬೇಕೆಂದಾಗ ಅದರ ಬಾಯಿಗೆ ಒಂದು ಕ್ಯಾಸೆಟ್ ಅಡಾಪ್ಟರ್, ಅಂದರೆ ಫೋನಿಗೆ ಚುಚ್ಚುವ ವೈರ್ ಇರುವ, ಕ್ಯಾಸೆಟ್ ಆಕಾರದ ಡಬ್ಬಿ. ಇಷ್ಟಕ್ಕೆ ಆದ ಖರ್ಚು 1,150 ರೂಪಾಯಿ: ರಿಪೇರಿಗೆ 800, ಅಡಾಪ್ಟರಿಗೆ 350. ಇಲ್ಲಿಗೆ ಬಂದು ಮುಟ್ಟುವ ಮೊದಲು ಎಫ್‌ಎಂ ಟ್ರಾನ್ಸ್‌ಮಿಟರಿಗೆ 650, ಹೊಸ ಬ್ಲೂಟೂತ್ ಸೆಟ್ಟಿಗೆ 4,200, ಅದನ್ನು ಕೂರಿಸಲು 500, ಆ ಸೆಟ್ಟಿನ ದೆಸೆಯಿಂದ ಹೊಸ ಬ್ಯಾಟರಿಗೆ 3,800 ಕೊಟ್ಟಿದ್ದೆ. ಹಳೆಯ ಕಾರು ಇಟ್ಟುಕೊಂಡವರು ಯಾರಾದರೂ ಇದೇ ದಾರಿಯಲ್ಲಿದ್ದರೆ ಅಷ್ಟು ದುಡ್ಡಾದರೂ ಉಳಿಯಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ಓಡಾಟ ಎಂಥದ್ದು ಎಂದು ಹೇಳದಿದ್ದರೆ ಈ ಹೋಲಿಕೆಗೆ ಅರ್ಥವಿಲ್ಲ. ತಿಂಗಳಿಗೊಮ್ಮೆ ಪುತ್ತೂರಿನಿಂದ ಮೈಸೂರಿಗೆ ಹೋಗುತ್ತೇವೆ, ಅಕ್ಕನ ಮನೆಗೆ. ಸುಳ್ಯ, ಸಂಪಾಜೆ, ಘಾಟಿ ಹತ್ತಿ ಮಡಿಕೇರಿ, ಆಮೇಲೆ ಕುಶಾಲನಗರ, ಹುಣಸೂರು. ಪಕ್ಕದ ಸೀಟಿನಲ್ಲಿ ಅಪ್ಪ. ಹಿಂದಿನ ಸೀಟಿನಲ್ಲಿ ಬಿಸ್ಕತ್ತಿನ ಡಬ್ಬಿಯೊಳಗೆ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಪದ, ಮಾತುಗಳಲ್ಲೇ ನಡೆಯುವ ಯಕ್ಷಗಾನ) ಕ್ಯಾಸೆಟ್‌ಗಳು. ಮನೆಯಲ್ಲಿ ಒಟ್ಟು 140 ಇವೆ. ಕೆಲವು ಅಂಗಡಿಯಿಂದ ತಂದವು, ಹೆಚ್ಚಿನವು ಊರಿನ ಕೂಟಗಳಲ್ಲಿ ಅಪ್ಪನೇ ಟೇಪ್ ರೆಕಾರ್ಡರ್ ಇಟ್ಟು ತುಂಬಿಸಿಕೊಂಡವು. ಇವು ಬೇರೆಲ್ಲೂ ಸಿಗುವುದಿಲ್ಲ. ಉಳಿದ ದಿನಗಳಲ್ಲಿ ಕಾರು ಹೆಚ್ಚಾಗಿ ಶೆಡ್ಡಿನಲ್ಲೇ ಇರುತ್ತದೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಷ್ಟವೆಲ್ಲ ಬಂದದ್ದು ಅಲ್ಲಿಂದಲೇ.

ಡೆಕ್ ಟೇಪ್ ನುಂಗತೊಡಗಿದಾಗ ಮೊದಲು ತಂದದ್ದು ಎಫ್‌ಎಂ ಟ್ರಾನ್ಸ್‌ಮಿಟರ್. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚಿದರೆ ಫೋನಿನ ಧ್ವನಿಯನ್ನು ಪುಟ್ಟ ರೇಡಿಯೊ ಕೇಂದ್ರದ ಹಾಗೆ ಬಿತ್ತರಿಸುತ್ತದೆ, ಕಾರಿನ ರೇಡಿಯೊ ಅದನ್ನು ಹಿಡಿಯುತ್ತದೆ. ಪುತ್ತೂರು ಪೇಟೆಯೊಳಗೆ ಏನೂ ತೊಂದರೆಯಿಲ್ಲ. 103ರ ಆಸುಪಾಸಿನಲ್ಲಿ ಖಾಲಿ ಜಾಗ ಹುಡುಕಿ ಹೊರಟೆ. ಸಂಪಾಜೆ ದಾಟಿ ಘಾಟಿ ಏರುತ್ತಿದ್ದಂತೆ ಅರ್ಥಗಾರಿಕೆಯ, ಅಂದರೆ ಪಾತ್ರಗಳ ಮಾತಿನ, ನಡುವೆ ಚರಚರ ಶುರುವಾಯಿತು. ಮಡಿಕೇರಿ ಹತ್ತಿರವಾದಾಗ 103.1ರ ಆಕಾಶವಾಣಿ ಕೃಷ್ಣನ ಮಾತನ್ನು ಪೂರ್ತಿ ಮುಚ್ಚಿಹಾಕಿತು. ಗಾಡಿ ನಿಲ್ಲಿಸಿ 100.8ಕ್ಕೆ ಬದಲಾಯಿಸಿದೆ. ಹುಣಸೂರು ಕಳೆದ ಮೇಲೆ ಮೈಸೂರಿನ 100.6 ಬಂದು ಅದನ್ನೂ ಒತ್ತಿತು. ಆಕಾಶವಾಣಿಯ ಮೇಲೆ ನನಗೆ ಬೇಸರವಿಲ್ಲ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮನೆಯಲ್ಲೇ ಕೇಂದ್ರ ಕಟ್ಟಿದ ಊರು ಅದು, ಅಲ್ಲಿ ಅದರ ಧ್ವನಿಯೇ ಮೇಲಿರಬೇಕಾದದ್ದು ನ್ಯಾಯ. ಆದರೆ ಘಾಟಿಯ ತಿರುವಿನಲ್ಲಿ ಸ್ಟೇಷನ್ ತಿರುಗಿಸುತ್ತ ಕೂರುವುದು ಅಪಾಯ. ಧ್ವನಿಯೂ ಅಷ್ಟಕ್ಕಷ್ಟೆ. ಎಫ್‌ಎಂನಲ್ಲಿ 15 ಕಿಲೋಹರ್ಟ್ಸ್‌ಗಿಂತ ಮೇಲಿನದು ಹೇಗೂ ಬರುವುದಿಲ್ಲ, ಈ ಪುಟ್ಟ ಯಂತ್ರ ಅದಕ್ಕಿಂತಲೂ ಹಿಂದೆ. ಚಕ್ರತಾಳದ ಇಂಪು ಹೋಗಿ ತಗಡು ಬಡಿದ ಹಾಗೆ ಕೇಳುತ್ತಿತ್ತು.

ಬ್ಲೂಟೂತ್ ಇರುವ ಕ್ಯಾಸೆಟ್ ಅಡಾಪ್ಟರ್ ಕೂಡ ಒಂದು ತರಿಸಿದ್ದೆ. ಚಾರ್ಜ್ ಮುಗಿದಾಗಲೆಲ್ಲ ಹೊರಗೆ ತೆಗೆಯಬೇಕು, ಬಿಸಿಲಿಗೆ ಕಾಯುವ ಡ್ಯಾಶ್‌ಬೋರ್ಡಿನೊಳಗೆ ಲಿಥಿಯಂ ಸೆಲ್ ಇಡಲು ಮನಸ್ಸೊಪ್ಪಲಿಲ್ಲ. ಮೂರನೇ ದಿನ ವಾಪಸ್ ಕೊಟ್ಟೆ.

ಇನ್ನು ಹೊಸ ಸೆಟ್. ದೀಪಾವಳಿಯ ಸಮಯದಲ್ಲಿ ತಂದೆ. ಬ್ಲೂಟೂತ್, ಯುಎಸ್‌ಬಿ, ಬಣ್ಣದ ದೀಪ, ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ 4 ಗುಣಿಸು 50 ವಾಟ್. ಆ 50 ಎನ್ನುವುದು ಕ್ಷಣಮಾತ್ರದ ಗರಿಷ್ಠ ಲೆಕ್ಕ. ಸತತವಾಗಿ ಕೊಡುವುದು ಅದರ ಅರ್ಧಕ್ಕೂ ಕಡಿಮೆ. ಧ್ವನಿ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಚೆಂಡೆಯ ಪೆಟ್ಟು ಖಡಕ್ಕಾಗಿ ಬರುತ್ತಿತ್ತು. ಅಂಗಡಿಯ ಹುಡುಗ ಅರ್ಧ ಗಂಟೆಯಲ್ಲಿ ಕೂರಿಸಿಕೊಟ್ಟ. ಆಗ ನಾನು ಕ್ಯಾಸೆಟ್ ಡಬ್ಬಿ ಕೈಯಲ್ಲಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅವನು ಕಾರಿನ ಮೂಲ ಕನೆಕ್ಟರನ್ನು ಕತ್ತರಿಸಿ ಬಿಸಾಡಿದ್ದನ್ನು ನೋಡಿಯೂ ಸುಮ್ಮನಿದ್ದೆ.

ಹತ್ತು ದಿನ ಕಳೆದು ಕಾರು ತೆಗೆಯಲು ಹೋದರೆ ಕೀ ತಿರುಗಿಸಿದಾಗ ‘ಟಕ್’ ಎಂದದ್ದು ಬಿಟ್ಟರೆ ಏನೂ ಇಲ್ಲ. ಹಳೆಯ ಕಾರ್ಬುರೇಟರ್ ಗಾಡಿಯಾದರೆ ತಳ್ಳಿಯಾದರೂ ಸ್ಟಾರ್ಟ್ ಮಾಡಬಹುದಿತ್ತು. ಇದು ಎಂಪಿಎಫ್‌ಐ, ಅಂದರೆ ವಿದ್ಯುತ್ ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮ್ಮಿಸುವ ಎಂಜಿನ್; ಬ್ಯಾಟರಿ ಪೂರ್ತಿ ಸತ್ತರೆ ಪೆಟ್ರೋಲ್ ಪಂಪಿಗೂ ಇಂಜೆಕ್ಟರಿಗೂ ಕರೆಂಟ್ ಇರುವುದಿಲ್ಲ. ಪಕ್ಕದ ಮನೆಯವರ ಜೀಪಿನಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡಿದೆವು. ಬ್ಯಾಟರಿ ಅಂಗಡಿಯಲ್ಲಿ ‘ನಾಲ್ಕು ವರ್ಷ ಆಯ್ತಲ್ಲ, ಹೋಗಿದೆ’ ಎಂದರು. ನಂಬಿ ಹೊಸದು ಹಾಕಿಸಿದೆ. ಅದೂ ಎಂಟನೇ ದಿನಕ್ಕೆ ಮಲಗಿತು. ಚಾರ್ಜ್ ಮಾಡಿಸಿ ತಂದೆ, ಮತ್ತೆ ಮಲಗಿತು. ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡಿಸಿದೆ, ಸರಿಯಿತ್ತು. ಅಪ್ಪನಿಗೆ ಆಸ್ಪತ್ರೆಗೆ ಹೋಗಬೇಕಿದ್ದ ಒಂದು ಬೆಳಿಗ್ಗೆ ಕಾರು ಏಳಲಿಲ್ಲ, ಮಳೆಯಲ್ಲಿ ಆಟೊಗೆ ಕಾದು ನಿಂತೆವು. ಆ ದಿನದ ಸಂಕಟ ಇನ್ನೂ ಹೋಗಿಲ್ಲ.

ಸುಳಿವು ಸಿಕ್ಕಿದ್ದು ಒಂದು ಸಂಜೆ. ಅಕ್ಕ ಮೈಸೂರಿನಿಂದ ಫೋನ್ ಮಾಡಿದಳು. ಎತ್ತಿ ‘ಹಲೋ’ ಎಂದರೆ ನನಗೇನೂ ಕೇಳುತ್ತಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಅಡಿಕೆ ಬಾಚುತ್ತಿದ್ದ ಅಮ್ಮ ಕೂಗಿದರು: ‘ಇಲ್ಲಿ ಬಾ, ಕಾರಿನೊಳಗೆ ಅಕ್ಕನ ಸ್ವರ ಕೇಳ್ತಾ ಉಂಟು!’ ಕೀ ನನ್ನ ಕೋಣೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಕಾರು ಬೀಗ ಹಾಕಿ ನಿಂತಿತ್ತು. ಸೆಟ್ಟಿನ ದೀಪವೂ ಆರಿತ್ತು. ಆದರೂ ಸೆಟ್ ಎಚ್ಚರವಾಗಿಯೇ ಇದ್ದು, ಗೋಡೆಯಾಚೆಯಿಂದ ನನ್ನ ಫೋನಿಗೆ ಜೋಡಣೆಯಾಗಿಬಿಟ್ಟಿತ್ತು.

ಮರುದಿನ ಕರೆಂಟ್ ಅಳೆಯುವ ಮಲ್ಟಿಮೀಟರ್ ತಂದೆ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ತಂತಿಗೂ ಟರ್ಮಿನಲ್‌ಗೂ ನಡುವೆ ಮೀಟರನ್ನು 10 ಆಂಪಿಯರ್ ಸಾಕೆಟ್ಟಿನಲ್ಲಿ ಸೇರಿಸಿದೆ. ನೀವು ಮಾಡುವುದಾದರೆ ಬಾಗಿಲೆಲ್ಲ ಹಾಕಿರಲಿ, ಒಳಗಿನ ದೀಪ ಆರಿರಲಿ, ಮೀಟರ್ ಇರುವಾಗ ಯಾವ ಕಾರಣಕ್ಕೂ ಸ್ಟಾರ್ಟ್ ಮಾಡಬೇಡಿ. ಸ್ಟಾರ್ಟರ್ ಎಳೆಯುವ ಕರೆಂಟಿಗೆ ಮೀಟರ್ ತಡೆಯುವುದಿಲ್ಲ. ಮೀಟರ್ 210 ಮಿಲಿ ಆಂಪಿಯರ್ ತೋರಿಸಿತು. ಸುಮ್ಮನೆ ನಿಂತ ಇಂಥ ಕಾರಿನಲ್ಲಿ 50ರ ಒಳಗಿರಬೇಕು. ಒಂದೊಂದೇ ಫ್ಯೂಸ್ ಎಳೆಯುತ್ತ ಹೋದೆ. ರೇಡಿಯೊದ ಫ್ಯೂಸ್ ತೆಗೆದ ಕೂಡಲೇ ಅಂಕಿ ದಡಕ್ಕನೆ ಇಳಿಯಿತು. ಲೆಕ್ಕ ಹಾಕಿ: 0.21 ಆಂಪಿಯರ್, 24 ಗಂಟೆ, ದಿನಕ್ಕೆ 5 ಆಂಪಿಯರ್-ಅವರ್. ನಮ್ಮದು 35 ಆಂಪಿಯರ್-ಅವರ್ ಬ್ಯಾಟರಿ. ಏಳು ದಿನಕ್ಕೆ ಪೂರ್ತಿ ಖಾಲಿ, ಸ್ಟಾರ್ಟ್ ಆಗದಿರಲು ಅಷ್ಟೂ ಬೇಡ. ದಿನವೂ ಓಡಿಸುವವರಿಗೆ ಇದು ಗೊತ್ತೇ ಆಗುವುದಿಲ್ಲ, ಸಂಜೆಯೊಳಗೆ ಆಲ್ಟರ್ನೇಟರ್ ತುಂಬಿಸಿರುತ್ತದೆ.

ಸೆಟ್ ಹೊರಗೆಳೆದು ನೋಡಿದರೆ ವಿಷಯ ಸರಳ. ಸೆಟ್ಟಿಗೆ ಎರಡು ಪ್ಲಸ್ ತಂತಿ ಇರುತ್ತವೆ. ಹಳದಿ ಸದಾ ಬ್ಯಾಟರಿಗೆ. ಗಡಿಯಾರ, ಉಳಿಸಿಟ್ಟ ಸ್ಟೇಷನ್‌ಗಳ ನೆನಪು ಅದರಿಂದ. ಕೆಂಪು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ತಂತಿಗೆ. ಕೀ ತೆಗೆದರೆ ಸೆಟ್ ನಿದ್ದೆಗೆ ಹೋಗುವುದು ಅದರಿಂದ. ಇಲ್ಲಿ ಎರಡನ್ನೂ ಒಟ್ಟಿಗೆ ತಿರುಚಿ ಸದಾ ಕರೆಂಟಿರುವ ತಂತಿಗೇ ಕಟ್ಟಿ ಇನ್ಸುಲೇಶನ್ ಟೇಪ್ ಸುತ್ತಿದ್ದರು. ಅಂಗಡಿಯಲ್ಲಿ ಕೇಳಿದ್ದಕ್ಕೆ ‘ಕೀ ಇಲ್ಲದೆಯೂ ಹಾಡು ಬರಲಿ ಅಂತ ಗಿರಾಕಿಗಳೇ ಹೇಳ್ತಾರೆ’ ಎಂದರು. ನಾನು ಹೇಳಿರಲಿಲ್ಲ. ನನ್ನನ್ನು ಯಾರೂ ಕೇಳಿರಲೂ ಇಲ್ಲ. ಆ ಟೇಪ್ ಸುತ್ತು ಬೇಸಿಗೆಯ ಬಿಸಿಗೆ ಅಂಟು ಕರಗಿ ಅರ್ಧ ಬಿಚ್ಚಿಕೊಂಡಿತ್ತು. ಇನ್ನೊಂದು ವರ್ಷ ಬಿಟ್ಟಿದ್ದರೆ ತಂತಿ ತಾಗಿ ಶಾರ್ಟ್ ಆಗುತ್ತಿತ್ತು. ಹೊಸ ಸೆಟ್ ಹಾಕಿಸುವವರು ಇದೊಂದನ್ನು ಪಟ್ಟು ಹಿಡಿದು ಕೇಳಿ: ಕಾರಿನ ಕನೆಕ್ಟರ್ ಕತ್ತರಿಸಬೇಡಿ, ಅದಕ್ಕೆ ಕೂಡುವ ಅಡಾಪ್ಟರ್ ಕನೆಕ್ಟರ್ ಹಾಕಿ, ಕೆಂಪು ತಂತಿ ಕೀಗೆ.

ಕೆಂಪು ತಂತಿ ಸರಿಪಡಿಸಿದ ಮೇಲೆ ಮೀಟರ್ 20ಕ್ಕಿಳಿಯಿತು. ಆದರೆ ಅಷ್ಟರಲ್ಲಿ ನನ್ನ ಮನಸ್ಸು ಆ ಸೆಟ್ಟಿನಿಂದ ಎದ್ದುಹೋಗಿತ್ತು. ಇನ್ನೊಂದು, ಅಪ್ಪ ಘಾಟಿಯುದ್ದಕ್ಕೂ ಮಾತಿಲ್ಲದೆ ಕೂರುತ್ತಿದ್ದರು. ಫೋನಿನಲ್ಲಿ ಯಾವ ಪ್ರಸಂಗ ಬೇಕೆಂದರೂ ಹಾಕಿಕೊಡುತ್ತೇನೆ ಎಂದೆ. ‘ಅದೆಲ್ಲ ಉಂಟು. ನಾನು ತುಂಬಿಸಿದ್ದು ಅದರಲ್ಲಿ ಇಲ್ಲವಲ್ಲ ಮಾರಾಯ’ ಎಂದರು.

ಡೆಕ್ಕನ್ನು ಮೈಸೂರಿನಲ್ಲಿ ರೇಡಿಯೊ ರಿಪೇರಿ ಮಾಡುವ ಹಿರಿಯರೊಬ್ಬರ ಮುಂದಿಟ್ಟೆ. ಮೇಲಿನ ತಗಡು ಬಿಚ್ಚಿದರೆ ಬೆಲ್ಟ್ ಕರಗಿ ಡಾಂಬರಿನ ಹಾಗೆ ಗಾಲಿಗೆ ಮೆತ್ತಿಕೊಂಡಿತ್ತು. ಬ್ರ್ಯಾಂಡ್ ಯಾವುದಾದರೂ ಇಪ್ಪತ್ತು ವರ್ಷ ಕಳೆದ ರಬ್ಬರಿನ ಗತಿ ಅದೇ. ಸ್ಪಿರಿಟ್ ಹಾಕಿ ಗಾಲಿ ಒರೆಸಿ, ನೂಲು ಸುತ್ತಿ ಅಳತೆ ತೆಗೆದು ಹೊಸ ಬೆಲ್ಟ್ ಹಾಕಿದರು. ಹಾಕಿ ನೋಡಿದಾಗ ಭಾಗವತರ ಪದ ಕೇಳಿದ್ದೇ ತಡ ಅಪ್ಪ ತಲೆಯಾಡಿಸಿದರು: ‘ಇದು ಅವರ ಶ್ರುತಿ ಅಲ್ಲ. ಇಳಿದಿದೆ.’ ಟೇಪ್ ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು, ವೇಗ ಶೇ. 6ರಷ್ಟು ತಗ್ಗಿದರೆ ಶ್ರುತಿ ಅರ್ಧ ಸ್ವರ ಇಳಿಯುತ್ತದೆ. ಮೋಟಾರಿನ ಬೆನ್ನಿನಲ್ಲಿ ಸಣ್ಣ ತೂತು, ಅದರೊಳಗೆ ತಿರುಪು. ರಿಪೇರಿಯವರು ಪುಟ್ಟ ಸ್ಕ್ರೂಡ್ರೈವರ್ ತೂರಿಸಿ ಕೂದಲೆಳೆಯಷ್ಟು ತಿರುಗಿಸುತ್ತ ಹೋದರು, ಅಪ್ಪ ಕಣ್ಣು ಮುಚ್ಚಿ ಕೇಳುತ್ತ ಹೋದರು. ‘ಹಾಂ, ಈಗ ಅವರು’ ಎಂದಾಗ ನಿಲ್ಲಿಸಿದರು.

ಅಡಾಪ್ಟರಿನಲ್ಲೂ ಒಂದು ತಕರಾರಿದೆ. ನಮ್ಮದು ಆಟೊ ರಿವರ್ಸ್ ಡೆಕ್, ಟೇಪ್ ಸುತ್ತುವುದು ನಿಂತಿತೆಂದು ಅನಿಸಿದರೆ ತಾನೇ ಇನ್ನೊಂದು ಬದಿಗೆ ತಿರುಗುತ್ತದೆ. ಮೊದಲು ತಂದ ಅಗ್ಗದ ಅಡಾಪ್ಟರಿನ ಹಲ್ಲುಗಾಲಿ ಸರಿಯಾಗಿ ತಿರುಗದೆ ಡೆಕ್ ಆ ಕಡೆ ಈ ಕಡೆ ಹೊರಳುತ್ತಲೇ ಇತ್ತು. ಬೆರಳಿನಿಂದ ಒಂದು ಚಕ್ರ ತಿರುಗಿಸಿದರೆ ಇನ್ನೊಂದೂ ಹಗುರಾಗಿ ತಿರುಗುವಂಥದ್ದನ್ನೇ ತನ್ನಿ. ವೈರ್ ಯಾವ ಬದಿಯಿಂದ ಹೊರಬರುತ್ತದೆ ಎಂಬುದನ್ನೂ ನೋಡಿ. ಟೇಪಿನ ಸುಯ್ ಸದ್ದು ತಗ್ಗಿಸುವ ಡಾಲ್ಬಿ ಗುಂಡಿ ಆರಿಸಿರಲಿ, ಇಲ್ಲದಿದ್ದರೆ ಧ್ವನಿ ಮಂಕಾಗುತ್ತದೆ. ಫೋನಿನ ಧ್ವನಿ ಮುಕ್ಕಾಲಿಗಿಟ್ಟು ಉಳಿದದ್ದನ್ನು ಡೆಕ್ಕಿನಲ್ಲಿ ಏರಿಸಿ. ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಫೋನ್ ಚಾರ್ಜ್ ಮಾಡುತ್ತ ಕೇಳಿದರೆ ಎಂಜಿನ್ ಏರಿದ ಹಾಗೆ ಒಂದು ಕೀರಲು ಸದ್ದು ಏರುತ್ತದೆ. ಚಾರ್ಜರ್ ತೆಗೆದರೆ ಹೋಗುತ್ತದೆ.

ಆರೈಕೆ ಹೆಚ್ಚಿಲ್ಲ. ತಿಂಗಳಿಗೊಮ್ಮೆ ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಸ್ಪಿರಿಟ್ಟಿನಲ್ಲಿ ಅದ್ದಿ ಹೆಡ್ ಒರೆಸುತ್ತೇನೆ, ಕಂದು ಪುಡಿ ಬರುವುದು ನಿಲ್ಲುವ ತನಕ; ಟೇಪನ್ನು ಒತ್ತಿ ಎಳೆಯುವ ರಬ್ಬರ್ ರೋಲರಿಗೆ ಸ್ಪಿರಿಟ್ ಕಡಿಮೆ, ಒಣಗಿದ ಮೇಲೆಯೇ ಕ್ಯಾಸೆಟ್. ಕಾರು ನಿಲ್ಲಿಸುವ ಮೊದಲು ಕ್ಯಾಸೆಟ್ ಹೊರಗೆ. ಕೀ ತೆಗೆದರೂ ರೋಲರ್ ಒತ್ತಿಕೊಂಡೇ ಇರುವ ಡೆಕ್‌ಗಳಲ್ಲಿ ರಬ್ಬರಿಗೆ ಗುಳಿ ಬಿದ್ದು ಆಮೇಲೆ ಧ್ವನಿ ಅಲೆಯುತ್ತದೆ. ಆಟಿ ತಿಂಗಳ ಮಳೆಯಲ್ಲಿ ಟೇಪಿಗೆ ಬಿಳಿ ಬೂಷ್ಟು ಹಿಡಿಯುತ್ತದೆ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಟಿ ಇಟ್ಟಿದ್ದೇನೆ. ಬಹಳ ದಿನ ಮುಟ್ಟದ ಕ್ಯಾಸೆಟ್ಟನ್ನು ಮನೆಯಲ್ಲೇ ಒಮ್ಮೆ ಪೂರ್ತಿ ಮುಂದೆ, ಒಮ್ಮೆ ಪೂರ್ತಿ ಹಿಂದೆ ಓಡಿಸಿ ಆಮೇಲೆ ಕಾರಿಗೆ ತರುತ್ತೇನೆ. 120 ನಿಮಿಷದ ಕ್ಯಾಸೆಟ್ ಕಾರಿಗೆ ಬೇಡವೇ ಬೇಡ. ಅದರ ಟೇಪ್ ತೀರ ತೆಳ್ಳಗೆ, ಸುತ್ತಿಕೊಳ್ಳುತ್ತದೆ. ಅಪ್ಪನ ಸ್ವಂತ ಧ್ವನಿಮುದ್ರಣಗಳನ್ನು ಈಗ ಒಂದೊಂದಾಗಿ ಕಂಪ್ಯೂಟರಿಗೂ ಇಳಿಸುತ್ತಿದ್ದೇನೆ, 31 ಆಗಿವೆ.

ದಿನವೂ ಪೇಟೆಯಲ್ಲಿ ಓಡಾಡುವವರಿಗೆ, ಗಾಡಿಯಲ್ಲೇ ಹತ್ತು ಫೋನ್ ಎತ್ತಬೇಕಾದವರಿಗೆ, ಕ್ಯಾಸೆಟ್ ಇಲ್ಲದವರಿಗೆ ಹೊಸ ಸೆಟ್ಟೇ ಸರಿ, ಕೆಂಪು ತಂತಿ ಸರಿಯಿದ್ದರೆ. ಎಫ್‌ಎಂ ಟ್ರಾನ್ಸ್‌ಮಿಟರ್ ಒಂದೇ ಊರೊಳಗೆ ತಿರುಗುವವರಿಗೆ. ನನ್ನ ಹೊಸ ಸೆಟ್ಟನ್ನು ಭಾವನ ವ್ಯಾಗನ್ ಆರ್‌ಗೆ ಹಾಕಿಕೊಟ್ಟೆ. ಈ ಸಲ ಕನೆಕ್ಟರ್ ತರಿಸಿ, ಒಂದು ತಂತಿಯನ್ನೂ ಕತ್ತರಿಸದೆ ನಾನೇ ಕೂರಿಸಿದೆ. ಐದು ತಿಂಗಳಾಯಿತು, ಅವರ ಬ್ಯಾಟರಿ ಒಂದು ದಿನವೂ ಮಲಗಿಲ್ಲ.