ಉದ್ಯಮ್ ನೋಂದಣಿ ಸೇವೆ: ಸುಲಭದ ಅರ್ಜಿ, ಅಪೂರ್ಣ ರಕ್ಷಣೆ

ಕೇಂದ್ರ ಸರ್ಕಾರ 2020ರ ಜುಲೈ 1ರಂದು ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗಾಗಿ ಆರಂಭಿಸಿದ ಉದ್ಯಮ್ ನೋಂದಣಿ ಸೇವೆಯ ದೊಡ್ಡ ಗುಣ ಅದರ ಸರಳತೆ. ಆಧಾರ್ ಸಂಖ್ಯೆ ನಮೂದಿಸಿ, ಮೊಬೈಲಿಗೆ ಬರುವ ಒಟಿಪಿಯನ್ನು ದೃಢೀಕರಿಸಿ, ಪ್ಯಾನ್ ವಿವರ ಕೊಟ್ಟರೆ ಹೂಡಿಕೆ ಮತ್ತು ವಹಿವಾಟಿನ ಅಂಕಿಗಳನ್ನು ವ್ಯವಸ್ಥೆಯೇ ಆದಾಯ ತೆರಿಗೆ ಹಾಗೂ ಜಿಎಸ್‌ಟಿ ದಾಖಲೆಗಳಿಂದ ಪಡೆದುಕೊಳ್ಳುತ್ತದೆ. ಕಾಗದಪತ್ರ ಅಪ್‌ಲೋಡ್ ಮಾಡಬೇಕಿಲ್ಲ, ಶುಲ್ಕವೂ ಇಲ್ಲ. ಸರ್ಕಾರಿ ಪುಟದಂತೆಯೇ ಕಾಣುವ ಕೆಲವು ಖಾಸಗಿ ಜಾಲತಾಣಗಳು ಇದೇ ಕೆಲಸಕ್ಕೆ ಹಣ ಕೇಳುತ್ತವೆಯಾದ್ದರಿಂದ ವಿಳಾಸವನ್ನು ಪರಿಶೀಲಿಸಿಯೇ ಮುಂದುವರಿಯಬೇಕು.

2025ರ ಏಪ್ರಿಲ್ 1ರಿಂದ ವರ್ಗೀಕರಣದ ಮಿತಿಗಳು ಹೆಚ್ಚಿವೆ. ಹೂಡಿಕೆ 2.5 ಕೋಟಿ ರೂಪಾಯಿ, ವಹಿವಾಟು 10 ಕೋಟಿ ಮೀರದಿದ್ದರೆ ಸೂಕ್ಷ್ಮ. ಇವೆರಡೂ ಕ್ರಮವಾಗಿ 25 ಮತ್ತು 100 ಕೋಟಿಯವರೆಗೆ ಇದ್ದರೆ ಸಣ್ಣ. 125 ಮತ್ತು 500 ಕೋಟಿಯವರೆಗೆ ಮಧ್ಯಮ. ಎರಡರಲ್ಲಿ ಒಂದು ಮಿತಿ ದಾಟಿದರೂ ಉದ್ದಿಮೆ ಮೇಲಿನ ವರ್ಗಕ್ಕೆ ಸೇರುತ್ತದೆ, ಆದರೆ ರಫ್ತಿನ ಮೊತ್ತವನ್ನು ವಹಿವಾಟಿಗೆ ಸೇರಿಸುವುದಿಲ್ಲ ಎಂಬುದು ನಿಜಕ್ಕೂ ಮೆಚ್ಚಬೇಕಾದ ಅಂಶ.

ನೋಂದಣಿಯಿಂದ ಸಿಗುವ ಪ್ರಮಾಣಪತ್ರದ ನಿಜವಾದ ಬೆಲೆ ತಿಳಿಯುವುದು ಬಾಕಿ ವಸೂಲಿಯಲ್ಲಿ. ಈ ಉದ್ದಿಮೆಗಳ ಅಭಿವೃದ್ಧಿಗಾಗಿ ಬಂದ 2006ರ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಖರೀದಿದಾರರು ಒಪ್ಪಂದದ ಗಡುವಿನೊಳಗೆ, ಹೆಚ್ಚೆಂದರೆ 45 ದಿನಗಳಲ್ಲಿ, ಹಣ ಪಾವತಿಸಬೇಕು; ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಆದರೆ 2021ರಲ್ಲಿ ಈ ವ್ಯವಸ್ಥೆಯೊಳಗೆ ಬಂದ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೆ ದೊರೆತದ್ದು ಆದ್ಯತಾ ವಲಯದ ಸಾಲದ, ಅಂದರೆ ಬ್ಯಾಂಕುಗಳು ಕಡ್ಡಾಯವಾಗಿ ಒಂದು ಪಾಲು ಮೀಸಲಿಡಬೇಕಾದ ಸಾಲದ, ಸೌಲಭ್ಯ ಮಾತ್ರ. ಬಾಕಿಯ ಹೊರೆ ಅವರಿಗೂ ಅಷ್ಟೇ ಭಾರವಾಗಿರುವಾಗ, ಈ ರಕ್ಷಣೆಯಿಂದ ಅವರನ್ನು ಹೊರಗಿಟ್ಟಿರುವುದು ಸೇವೆಯ ಗಂಭೀರ ಕೊರತೆ ಎಂದೇ ನನ್ನ ಅಭಿಪ್ರಾಯ.